ಕಾಗದವನ್ನು ಓದು, ಅದು ಯಾರಿಗೆ ತಲುಪಿತೆಂದು ಕೇಳು

ಮಗು,

ಕಂಪ್ಯೂಟರ್ ಸೈನ್ಸ್ ಓದಲು ಟೆಕ್ಸಸ್‌ಗೆ ಬಂದವನಿಗೆ ಅಮೆರಿಕದ ಇತಿಹಾಸವನ್ನು ಯಾಕೆ ತಲೆಗೆ ಕಟ್ಟಿದ್ದಾರೋ ಎಂದು ನೀನು ಗೊಣಗುತ್ತಿದ್ದೀಯಂತೆ, ನಿನ್ನಮ್ಮ ಹೇಳಿದಳು. ಆ ರಾಜ್ಯದ ಕಾನೂನೇ ಹಾಗಿದೆ ಕಣಪ್ಪ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪದವಿ ಪಡೆಯುವವರು ಯಾವ ವಿಷಯವನ್ನೇ ಆರಿಸಿಕೊಂಡಿರಲಿ, 6 ಕ್ರೆಡಿಟ್‌ನಷ್ಟು ಅಮೆರಿಕದ ಇತಿಹಾಸವನ್ನು ಓದಲೇಬೇಕು. ತಪ್ಪಿಸಿಕೊಳ್ಳುವ ದಾರಿಯಿಲ್ಲದ ಮೇಲೆ ಅದನ್ನು ಓದುವ ದಾರಿ ತಿಳಿದುಕೊಳ್ಳುವುದು ಜಾಣತನ. ಇಲ್ಲಿ ಎಂ.ಎ. ಮಕ್ಕಳಿಗೆ ಅಮೆರಿಕದ ಇತಿಹಾಸದ ಪತ್ರಿಕೆಯನ್ನು ವರ್ಷಗಟ್ಟಲೆ ಪಾಠ ಮಾಡಿದವನು ನಾನು. ಆಗ ನಮಗೆ ಪುಸ್ತಕ ಬೇಕೆಂದರೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಅಮೆರಿಕನ್ ಸ್ಟಡೀಸ್ ರಿಸರ್ಚ್ ಸೆಂಟರ್‌ಗೆ ರೈಲು ಹತ್ತಬೇಕಿತ್ತು. ನಿನಗೆ ಆ ದೇಶದ ದಾಖಲೆಗಳೇ ಕೈಯಳತೆಯಲ್ಲಿವೆ. ಅದಕ್ಕೇ ನಾಲ್ಕು ಮಾತು ಹೇಳಬೇಕೆನಿಸಿತು.

ನಾಲ್ಕು ಎಂದೆನಾದರೂ ಅವೆಲ್ಲ ಒಂದೇ ಮಾತಿನ ವಿಸ್ತಾರ. ಅಮೆರಿಕ ಕಾಗದದ ಮೇಲೆ ಕಟ್ಟಿದ ದೇಶ: ಸಂವಿಧಾನ, ತಿದ್ದುಪಡಿ, ಕಾಯ್ದೆ, ಕೋರ್ಟಿನ ತೀರ್ಪು, ಅಧ್ಯಕ್ಷರ ಆಜ್ಞೆ. ನೀನು ಆ ಕಾಗದವನ್ನು ನಿನ್ನ ಕಣ್ಣಿನಿಂದಲೇ ಓದು. ಓದಿದ ಮೇಲೆ ಅದು ಯಾರ ಮನೆ ಬಾಗಿಲವರೆಗೆ ಹೋಯಿತು, ಯಾರ ಮನೆಯ ಮುಂದೆ ನಿಂತುಬಿಟ್ಟಿತು ಎಂದು ಕೇಳು. ಪಹಣಿಯಲ್ಲಿ ಯಾರ ಹೆಸರಿದೆ, ಹೊಲದಲ್ಲಿ ನೇಗಿಲು ಹಿಡಿದವರು ಯಾರು ಎಂದು ಎರಡನ್ನೂ ವಿಚಾರಿಸದೆ ನಮ್ಮೂರಲ್ಲಿ ಯಾರೂ ಜಮೀನಿನ ಮಾತಾಡುವುದಿಲ್ಲವಲ್ಲ, ಹಾಗೆ.

ಮೊದಲು ನಿನ್ನ ಪಠ್ಯಕ್ರಮದ ತಲೆಬರಹವನ್ನೇ ನೋಡು. ಕೋರ್ಸನ್ನು ಎರಡು ಭಾಗ ಮಾಡಿ, ಎರಡನೆಯದನ್ನು ‘1877ರಿಂದೀಚೆಗೆ’ ಎಂದು ಕರೆಯುವುದು ಅಲ್ಲಿ ಬಹಳ ಕಡೆ ರೂಢಿ. ಆ ಇಸವಿ ಸುಮ್ಮನೆ ಬಿದ್ದ ಗೆರೆಯಲ್ಲ. ಅಂತರ್ಯುದ್ಧ ಮುಗಿದ ಮೇಲೆ 1865ರಲ್ಲಿ 13ನೇ ತಿದ್ದುಪಡಿ ಗುಲಾಮಗಿರಿಯನ್ನು ತೆಗೆದುಹಾಕಿತು. 1868ರಲ್ಲಿ 14ನೆಯದು ಆ ನೆಲದಲ್ಲಿ ಹುಟ್ಟಿದವರಿಗೆಲ್ಲ ಪೌರತ್ವವನ್ನೂ ಕಾನೂನಿನ ಸಮಾನ ರಕ್ಷಣೆಯನ್ನೂ ಕೊಟ್ಟಿತು. 1870ರಲ್ಲಿ 15ನೆಯದು ವರ್ಣದ ಕಾರಣಕ್ಕೆ ಮತದಾನದ ಹಕ್ಕನ್ನು ಕಸಿಯಬಾರದೆಂದಿತು. ಅದೇ 1870ರಲ್ಲಿ ಮಿಸಿಸಿಪ್ಪಿಯಿಂದ ಹೈರಮ್ ರೆವೆಲ್ಸ್ ಎಂಬ ಕಪ್ಪುವರ್ಣೀಯರು ಸೆನೆಟ್ ಪ್ರವೇಶಿಸಿದರು. 1877ರಲ್ಲಿ ಅಧ್ಯಕ್ಷ ಹೇಯ್ಸ್ ದಕ್ಷಿಣದ ರಾಜ್ಯ ಸರ್ಕಾರಗಳಿಗೆ ಬೆಂಬಲವಾಗಿ ಉಳಿದಿದ್ದ ಕೇಂದ್ರದ ಸೈನಿಕರನ್ನು ಹಿಂದಕ್ಕೆ ಕರೆಸಿದರು. ಅಲ್ಲಿಂದ ಮುಂದೆ ತಿದ್ದುಪಡಿಗಳು ಪುಸ್ತಕದಲ್ಲಿ ಉಳಿದವು, ಮತಗಟ್ಟೆಗಳು ಒಂದೊಂದಾಗಿ ಮುಚ್ಚಿಕೊಂಡವು. ರೆವೆಲ್ಸ್ ನಂತರ ಅದೇ ರಾಜ್ಯದಿಂದ ಬ್ಲಾಂಚ್ ಬ್ರೂಸ್ ಬಂದರು. ಅವರ ಅವಧಿ 1881ರಲ್ಲಿ ಮುಗಿದ ಮೇಲೆ ಮತ್ತೊಬ್ಬ ಕಪ್ಪುವರ್ಣೀಯ ಸೆನೆಟರ್ ಪ್ರಮಾಣವಚನ ತೆಗೆದುಕೊಳ್ಳಲು 1967 ಬರಬೇಕಾಯಿತು.

ಈಗ ಯೋಚಿಸು. ‘ಆಧುನಿಕ’ ಇತಿಹಾಸವನ್ನು 1877ರಿಂದ ಶುರು ಮಾಡಿದರೆ, ಕೊಟ್ಟದ್ದನ್ನು ಕಿತ್ತುಕೊಂಡ ಮೇಲೆ ನೀನು ಒಳಗೆ ಬರುತ್ತೀಯ, ಕೊಟ್ಟಿದ್ದರೆಂಬುದೇ ಕಾಣುವುದಿಲ್ಲ. ಆದ್ದರಿಂದ ತರಗತಿ ಶುರುವಾಗುವ ಮೊದಲೇ ಹನ್ನೆರಡು ವರ್ಷ ಹಿಂದಕ್ಕೆ ಹೋಗು, ಆ ಮೂರು ತಿದ್ದುಪಡಿಗಳನ್ನು ಓದು. ಮೂರೂ ಸೇರಿ ಎರಡು ಪುಟ ದಾಟುವುದಿಲ್ಲ. ಇನ್ನೊಂದು ವಿಚಾರವನ್ನೂ ಗಮನಿಸು. ಪುನರ್ನಿರ್ಮಾಣವೆಂದು ಕರೆಯುವ ಆ ಹನ್ನೆರಡು ವರ್ಷಗಳನ್ನು ಬರೀ ಲಂಚಗುಳಿತನದ, ಅಯೋಗ್ಯರ ಆಳ್ವಿಕೆಯೆಂದು ಚಿತ್ರಿಸಿದವರು ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ಡನಿಂಗ್ ಮತ್ತು ಅವರ ಶಿಷ್ಯರು. ದಶಕಗಳ ಕಾಲ ಅದೇ ಪಾಠವಾಗಿತ್ತು. 1935ರಲ್ಲಿ ಕಪ್ಪುವರ್ಣೀಯ ವಿದ್ವಾಂಸ ಡಬ್ಲ್ಯು.ಇ.ಬಿ. ಡುಬಾಯ್ಸ್ ದೊಡ್ಡದೊಂದು ಪುಸ್ತಕ ಬರೆದು ಅದನ್ನು ಎದುರಿಸಿದರು. ವಿದ್ವತ್ ವಲಯ ಅವರ ಮಾತನ್ನು ಪೂರ್ತಿಯಾಗಿ ಕಿವಿಗೆ ಹಾಕಿಕೊಳ್ಳಲು ಇನ್ನೂ ಒಂದು ತಲೆಮಾರು ಬೇಕಾಯಿತು. ನಮ್ಮ ಅಂಬೇಡ್ಕರ್ ಕೊಲಂಬಿಯಾದಲ್ಲಿ ಓದಿದ್ದು 1913ರಿಂದ 1916ರವರೆಗೆ, ಡನಿಂಗ್ ಇನ್ನೂ ಅಲ್ಲಿ ಪ್ರಾಧ್ಯಾಪಕರಾಗಿದ್ದಾಗ. ಮುಂದೆ 1946ರಲ್ಲಿ ಅಂಬೇಡ್ಕರ್ ಕಾಗದ ಬರೆದದ್ದು ಡುಬಾಯ್ಸ್ ಅವರಿಗೆ. ಪಠ್ಯಪುಸ್ತಕಕ್ಕೂ ಒಂದು ಇತಿಹಾಸವಿದೆ, ಅದನ್ನು ಬರೆದವರಿಗೂ ಒಂದು ಕಾಲವಿದೆ ಎಂಬುದನ್ನು ಮರೆಯಬೇಡ.

ಒಂದೇ ವಾಕ್ಯ ಎರಡು ಕಾಲದಲ್ಲಿ ಎರಡು ರೀತಿ ನಡೆದುಕೊಂಡದ್ದನ್ನೂ ನೋಡಬಹುದು. 14ನೇ ತಿದ್ದುಪಡಿಯ ಸಮಾನ ರಕ್ಷಣೆಯ ಮಾತನ್ನು ಹಿಡಿದು ಹೋಮರ್ ಪ್ಲೆಸ್ಸಿ ಎಂಬವರು ಲೂಸಿಯಾನಾದ ರೈಲಿನಲ್ಲಿ ಬಿಳಿಯರಿಗೆಂದು ಮೀಸಲಿಟ್ಟ ಡಬ್ಬಿಯಲ್ಲಿ ಕುಳಿತರು. 1896ರಲ್ಲಿ ಸುಪ್ರೀಂ ಕೋರ್ಟು ಬೇರೆ ಬೇರೆ ಡಬ್ಬಿ ಇದ್ದರೇನು, ಸಮಾನವಾಗಿದ್ದರೆ ಸಾಕು ಎಂದಿತು. ಹಾರ್ಲನ್ ಎಂಬ ಒಬ್ಬ ನ್ಯಾಯಮೂರ್ತಿ ಮಾತ್ರ ಭಿನ್ನಮತ ಬರೆದರು. ಅವರೋ ಗುಲಾಮರನ್ನು ಇಟ್ಟುಕೊಂಡಿದ್ದ ಕೆಂಟಕಿಯ ಮನೆತನದವರು. 1954ರಲ್ಲಿ ಬ್ರೌನ್ ಮೊಕದ್ದಮೆಯಲ್ಲಿ ಅದೇ ಕೋರ್ಟು, ಅದೇ ತಿದ್ದುಪಡಿಯನ್ನು ಮುಂದಿಟ್ಟುಕೊಂಡು, ಶಾಲೆಗಳಲ್ಲಿ ಮಕ್ಕಳನ್ನು ಬೇರ್ಪಡಿಸುವುದು ಸಮಾನತೆಯೇ ಅಲ್ಲವೆಂದು ಒಮ್ಮತದಿಂದ ಹೇಳಿತು. ತಿದ್ದುಪಡಿಯ ಒಂದಕ್ಷರವೂ ಬದಲಾಗಿರಲಿಲ್ಲ. ಹಾಗಾದರೆ ನಡುವಿನ 58 ವರ್ಷಗಳಲ್ಲಿ ಬದಲಾದದ್ದೇನು? ಈ ಪ್ರಶ್ನೆ ಕೈಗೆ ಸಿಕ್ಕಿದರೆ ದಕ್ಷಿಣದಿಂದ ಉತ್ತರದ ನಗರಗಳಿಗೆ ಲಕ್ಷಾಂತರ ಕಪ್ಪುಜನ ವಲಸೆ ಹೋದದ್ದು, ಎರಡು ಮಹಾಯುದ್ಧ, ವಕೀಲ ಥರ್ಗುಡ್ ಮಾರ್ಷಲ್ ಮತ್ತು ಸಂಗಡಿಗರು ವರ್ಷಗಟ್ಟಲೆ ಒಂದೊಂದೇ ಮೊಕದ್ದಮೆ ಗೆದ್ದು ದಾರಿ ಮಾಡಿದ್ದು, ಎಲ್ಲವೂ ತಾವಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ. ಇಸವಿಗಳನ್ನು ಉರು ಹೊಡೆಯುವ ಕಷ್ಟ ಆಗ ನಿನಗಿರುವುದಿಲ್ಲ.

ಈಗ ಒಂದು ಕಾಗದವನ್ನು ಹತ್ತಿರದಿಂದ ತೋರಿಸುತ್ತೇನೆ. 1942ರ ಫೆಬ್ರುವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ 9066ನೇ ಸಂಖ್ಯೆಯ ಆಜ್ಞೆ. ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿ ಹತ್ತು ವಾರ ಕಳೆದಿತ್ತು. ಪಶ್ಚಿಮ ಕರಾವಳಿಯ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆ ಬಿಡಿಸಿ ಮುಳ್ಳುತಂತಿಯೊಳಗೆ ಕೂಡಿದ್ದಕ್ಕೆ ಬುಡ ಈ ಆಜ್ಞೆ. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಈ ಆಜ್ಞೆಯನ್ನು ತೆರೆದು ‘ಜಪಾನ್’ ಎಂಬ ಹೆಸರನ್ನು ಹುಡುಕು. ಸಿಗುವುದಿಲ್ಲ. ಬೇಹುಗಾರಿಕೆಯ, ವಿಧ್ವಂಸಕ ಕೃತ್ಯಗಳ ಭಯದ ಮಾತಿದೆ. ಸೇನಾಧಿಕಾರಿಗಳು ತಮಗೆ ಬೇಕೆನಿಸಿದ ಪ್ರದೇಶದಿಂದ ಯಾರನ್ನು ಬೇಕಾದರೂ ಹೊರಗಿಡಬಹುದೆಂಬ ಅಧಿಕಾರವಿದೆ. ಹೊರಹಾಕಿದವರಿಗೆ ಸಾರಿಗೆ, ಊಟ, ವಸತಿ ಕೊಡಬೇಕೆಂಬ ಸೌಜನ್ಯವೂ ಇದೆ. ಹೆಸರು ಕಾಣಿಸುವುದು ಆಮೇಲೆ, ಸೇನೆಯವರು ಬೀದಿಯ ಕಂಬಗಳಿಗೆ ಅಂಟಿಸಿದ ನೋಟಿಸುಗಳಲ್ಲಿ. ಜಪಾನಿ ವಂಶದ ಎಲ್ಲರೂ ಇಂಥ ದಿನದೊಳಗೆ ಹೊರಡಬೇಕು, ತಮ್ಮ ಕೈಯಲ್ಲಿ ಹೊರಬಹುದಾದಷ್ಟನ್ನೇ ತರಬೇಕು ಎಂದು ಅವು ಸಾರಿದವು. ಆ ನೋಟಿಸುಗಳು ಅಮೆರಿಕದ ಪ್ರಜೆಗಳನ್ನು ಪ್ರಜೆಗಳೆಂದು ಕರೆಯಲೇ ಇಲ್ಲ, ‘ವಿದೇಶೀಯರಲ್ಲದವರು’ ಎಂದು ಬರೆದವು. ಆಜ್ಞೆಯನ್ನೂ ನೋಟಿಸನ್ನೂ ಪಕ್ಕಪಕ್ಕ ಇಟ್ಟು ಓದಿದರೆ, ಅಧಿಕಾರ ತನ್ನ ಕೈಯನ್ನು ಹೇಗೆ ಸ್ವಚ್ಛವಾಗಿ ಇಟ್ಟುಕೊಳ್ಳುತ್ತದೆ ಎಂಬುದು ನಿನಗೆ ಯಾರೂ ಹೇಳಿಕೊಡದೆ ತಿಳಿಯುತ್ತದೆ. ನೀನಿರುವ ಟೆಕ್ಸಸ್‌ನ ಕ್ರಿಸ್ಟಲ್ ಸಿಟಿಯಲ್ಲೂ ಬೇರೊಂದು ಕಾನೂನಿನಡಿ ಜಪಾನಿ, ಜರ್ಮನ್ ಸಂಸಾರಗಳನ್ನು ಮಕ್ಕಳುಮರಿ ಸಮೇತ ಇಟ್ಟ ಶಿಬಿರವಿತ್ತು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಈ ಆಜ್ಞೆಯನ್ನು ಧಿಕ್ಕರಿಸಿದ ಫ್ರೆಡ್ ಕೊರೆಮಾಟ್ಸು ಅವರ ಶಿಕ್ಷೆಯನ್ನು ಸುಪ್ರೀಂ ಕೋರ್ಟು 1944ರಲ್ಲಿ 6-3ರಿಂದ ಎತ್ತಿಹಿಡಿಯಿತು. ದಶಕಗಳ ನಂತರ ಐಕೊ ಹರ್ಜಿಗ್ ಯೋಶಿನಾಗಾ ಎಂಬ ಹೆಣ್ಣುಮಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲೆಗಾರದಲ್ಲಿ ದಿನಗಟ್ಟಲೆ ಕುಳಿತು ಹಳೆಯ ಕಡತಗಳನ್ನು ಓದಿದರು. ಆಕೆ ಇತಿಹಾಸದ ಪದವೀಧರೆಯಲ್ಲ, ಹುಡುಗಿಯಾಗಿದ್ದಾಗ ಸ್ವತಃ ಶಿಬಿರದಲ್ಲಿದ್ದವರು. ಪಶ್ಚಿಮ ಕರಾವಳಿಯ ಸೇನಾಧಿಪತಿ ಡಿವಿಟ್ ಅವರ ವರದಿಯ ಮೊದಲ ಪ್ರತಿಯೊಂದು ಆಕೆಯ ಕೈಗೆ ಸಿಕ್ಕಿತು. ನಿಷ್ಠರನ್ನೂ ದ್ರೋಹಿಗಳನ್ನೂ ಬೇರ್ಪಡಿಸಲು ಸಮಯವಿರಲಿಲ್ಲ ಎಂದು ಅಚ್ಚಾದ ವರದಿ ಹೇಳಿತ್ತು. ಮೊದಲ ಪ್ರತಿ ಹೇಳಿದ್ದೇ ಬೇರೆ: ಎಷ್ಟು ಸಮಯ ಕೊಟ್ಟರೂ ಆ ಜನರಲ್ಲಿ ಹಾಗೆ ಬೇರ್ಪಡಿಸುವುದು ಸಾಧ್ಯವೇ ಇಲ್ಲವೆಂದು. ಅಂದರೆ ಕಾರಣ ತುರ್ತಲ್ಲ, ಜನಾಂಗದ ಮೇಲಿನ ಅಪನಂಬಿಕೆ. ಉಳಿದ ಪ್ರತಿಗಳನ್ನು ಸುಡಲು ಆದೇಶವಾಗಿತ್ತು. ಇಂಥ ದಾಖಲೆಗಳ ಬಲದಿಂದ 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ನ್ಯಾಯಾಲಯ ಕೊರೆಮಾಟ್ಸು ಅವರ ಶಿಕ್ಷೆಯನ್ನು ರದ್ದುಮಾಡಿತು. 1988ರಲ್ಲಿ ಸರ್ಕಾರ ಕ್ಷಮೆ ಕೇಳಿ, ಬದುಕಿ ಉಳಿದಿದ್ದ ಒಬ್ಬೊಬ್ಬರಿಗೂ 20,000 ಡಾಲರ್ ಕೊಡುವ ಕಾಯ್ದೆಗೆ ಅಧ್ಯಕ್ಷ ರೇಗನ್ ಸಹಿ ಹಾಕಿದರು. ಎರಡು ಕಾಗದಗಳನ್ನು ಹೋಲಿಸಿ ಓದಿದ್ದಕ್ಕೆ ಇಷ್ಟು ಶಕ್ತಿಯಿದೆ ಕಣಪ್ಪ.

ಇದೇ ಜಾಗದಲ್ಲಿ ಮನುಷ್ಯರ ಬಗೆಗೂ ಒಂದು ಮಾತು. ಬ್ರೌನ್ ತೀರ್ಪನ್ನು ಬರೆದ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್ ಅವರೇ 1942ರಲ್ಲಿ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಆಗಿದ್ದು, ಜಪಾನಿ ಮೂಲದವರನ್ನು ತೆರವು ಮಾಡಿಸಲು ಒತ್ತಾಯಿಸಿದವರಲ್ಲಿ ಮುಂದಿದ್ದರು. ಅದಕ್ಕಾಗಿ ಪರಿತಪಿಸಿದ್ದನ್ನು ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ದೇವರ ಪಟ ಹಾಕುವ ಆತುರವೂ ಬೇಡ, ಪ್ರತಿಕೃತಿ ಸುಡುವ ಆತುರವೂ ಬೇಡ. ಪ್ರಬಂಧದಲ್ಲಿ ಒಬ್ಬರನ್ನು ಒಳ್ಳೆಯವರೆಂದೋ ಕೆಟ್ಟವರೆಂದೋ ಬರೆಯುವ ಮುನ್ನ ಅವರು ಹತ್ತು ವರ್ಷ ಹಿಂದೆ ಎಲ್ಲಿದ್ದರೆಂದು ಒಮ್ಮೆ ನೋಡು.

ನೀನು ಆ ದೇಶಕ್ಕೆ ಹೋದ ದಾರಿಯೂ ಈ ಪಠ್ಯದೊಳಗೇ ಇದೆ. 1790ರ ಕಾಯ್ದೆಯ ಪ್ರಕಾರ ವಲಸೆ ಬಂದವರಲ್ಲಿ ಬಿಳಿಯರು ಮಾತ್ರ ಪ್ರಜೆಗಳಾಗಬಹುದಿತ್ತು. ಅಂತರ್ಯುದ್ಧದ ನಂತರ ಆಫ್ರಿಕಾ ಮೂಲದವರನ್ನು ಸೇರಿಸಿದರು, ಏಷ್ಯಾದವರನ್ನು ಬಿಟ್ಟರು. 1922ರ ನವೆಂಬರಿನಲ್ಲಿ ಒಝಾವಾ ಎಂಬ ಜಪಾನಿ, ತನ್ನ ಮೈಬಣ್ಣ ಬಿಳಿಯರಷ್ಟೇ ಬಿಳಿಯೆಂದು ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು. ಬಣ್ಣವಲ್ಲ, ಕಾಕೇಸಿಯನ್ ಜನಾಂಗದವರಾಗಿರಬೇಕು ಎಂದಿತು ಕೋರ್ಟು. ಮೂರೇ ತಿಂಗಳಲ್ಲಿ ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರ ಸರದಿ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ಸಮವಸ್ತ್ರ ತೊಟ್ಟಿದ್ದವರು ಅವರು. ಆ ಕಾಲದ ಶಾಸ್ತ್ರಗ್ರಂಥಗಳ ಪ್ರಕಾರ ತಾನು ಕಾಕೇಸಿಯನ್ ಜನಾಂಗದವನೇ ಎಂದರು. ಶಾಸ್ತ್ರವಲ್ಲ, ಸಾಮಾನ್ಯ ಜನ ಯಾರನ್ನು ಬಿಳಿಯರೆಂದು ಎಣಿಸುತ್ತಾರೋ ಅದೇ ಅಳತೆ ಎಂದಿತು ಅದೇ ಕೋರ್ಟು. ಎರಡೂ ತೀರ್ಪುಗಳನ್ನು ಬರೆದವರು ಒಬ್ಬರೇ, ನ್ಯಾಯಮೂರ್ತಿ ಸದರ್ಲೆಂಡ್. ಅದಾದ ಮೇಲೆ ಅದಾಗಲೇ ಪ್ರಜೆಗಳಾಗಿದ್ದ ಹಲವು ಭಾರತೀಯರ ಪೌರತ್ವವನ್ನೂ ಕಿತ್ತುಕೊಂಡರು. ಈ ಎರಡು ತೀರ್ಪುಗಳನ್ನು ಒಂದೇ ಸಂಜೆ ಓದು.

1946ರಲ್ಲಿ ಭಾರತಕ್ಕೆ ವರ್ಷಕ್ಕೆ 100 ಜನರ ವಲಸೆ ಕೋಟಾ ಸಿಕ್ಕಿತು. 1965ರ ಅಕ್ಟೋಬರ್ 3ರಂದು ಲಿಬರ್ಟಿ ಪ್ರತಿಮೆಯ ಬುಡದಲ್ಲಿ ಕುಳಿತು ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ಕಾಯ್ದೆ ರಾಷ್ಟ್ರಮೂಲದ ಕೋಟಾವನ್ನು ಕೈಬಿಟ್ಟು, ಬಂಧುಗಳಿಗೂ ಕುಶಲ ವೃತ್ತಿಯವರಿಗೂ ಆದ್ಯತೆ ಕೊಟ್ಟಿತು. ಇದೇನೂ ಕ್ರಾಂತಿಯಲ್ಲವೆಂದು ಜಾನ್ಸನ್ ಅಂದೇ ಸಮಾಧಾನ ಹೇಳಿದ್ದರು. ಬಂಧುಗಳಿಗೆ ಆದ್ಯತೆ ಕೊಟ್ಟರೆ ಯುರೋಪಿನವರೇ ಹೆಚ್ಚು ಬಂದಾರು ಎಂದು ಎಣಿಸಿ ಒಪ್ಪಿಕೊಂಡ ಸಂಸದರಿದ್ದರು. ಆದದ್ದೇ ಬೇರೆ. ಬೆಂಗಳೂರು, ಮೈಸೂರು, ಸುರತ್ಕಲ್‌ನಲ್ಲಿ ಓದಿದ ಎಂಜಿನಿಯರುಗಳೂ ಡಾಕ್ಟರುಗಳೂ ಹೋದರು, ಅಣ್ಣತಮ್ಮಂದಿರನ್ನು ಕರೆಸಿಕೊಂಡರು, ಊರೂರಿಗೆ ಕನ್ನಡ ಸಂಘ ಕಟ್ಟಿದರು. ‘ನಮ್ಮ ಹುಡುಗರ ಬುದ್ಧಿಬಲ’ ಎಂದು ನಾವಿಲ್ಲಿ ಹೇಳಿಕೊಳ್ಳುವ ಆ ಯಶಸ್ಸಿನ ಬಾಗಿಲು ತೆರೆದದ್ದು 1965ರ ಒಂದು ಕಾಗದ. ಅದಕ್ಕೆ ಗಾಳಿ ಬೀಸಿದ್ದು 1964ರ ನಾಗರಿಕ ಹಕ್ಕು ಕಾಯ್ದೆಯನ್ನು ತಂದ ಕಪ್ಪುಜನರ ಚಳವಳಿ. ಅವರ ಋಣ ನಮ್ಮ ಮೇಲಿದೆ. ಅಲ್ಲಿನ ನಮ್ಮವರ ಮನೆಗಳಲ್ಲಿ ಕಪ್ಪುಜನರ ಬಗ್ಗೆ ಹಗುರವಾದ ಮಾತು ಕೇಳಿಬಂದರೆ ನೀನು ದನಿಗೂಡಿಸಬೇಡ.

ಚಿತ್ರಗಳನ್ನೂ ಕಾಗದದಂತೆಯೇ ಓದು. ಮಹಾ ಆರ್ಥಿಕ ಕುಸಿತದ ಅಧ್ಯಾಯ ಬಂದಾಗ ಒಬ್ಬ ತಾಯಿಯ ಫೋಟೊ ಖಂಡಿತ ಎದುರಾಗುತ್ತದೆ. ಕೆನ್ನೆಗೆ ಕೈ, ಎರಡು ಹೆಗಲಿಗೆ ಮುಖ ಮರೆಸಿಕೊಂಡ ಎರಡು ಮಕ್ಕಳು, ಮಡಿಲಲ್ಲಿ ಕೂಸು. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊ ಬಳಿ ಬಟಾಣಿ ಬಿಡಿಸುವ ಕೂಲಿಕಾರರ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ಸರ್ಕಾರದ ಕೆಲಸವಾಗಿ ತೆಗೆದದ್ದು. ಆಕೆಯ ಹೆಸರನ್ನು ಲ್ಯಾಂಗ್ ಕೇಳಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಹೆಸರು ಜಗತ್ತಿಗೆ ತಿಳಿದದ್ದು 1978ರಲ್ಲಿ. ಬಿಳಿಯ ರೈತಮಹಿಳೆಯೆಂದು ದೇಶವೇ ಮರುಗಿದ್ದ ಆಕೆ ಚೆರೊಕೀ ಮೂಲದವರು. ಗುಡಾರದ ಕಂಬ ಹಿಡಿದ ಒಂದು ಹೆಬ್ಬೆರಳು ಚಿತ್ರದ ಕೆಳಮೂಲೆಯಲ್ಲಿತ್ತು. ಅಂದಗೆಡುತ್ತದೆಂದು ಆಮೇಲೆ ನೆಗೆಟಿವ್‌ನಲ್ಲಿ ಅದನ್ನು ಅಳಿಸಿದರು. ಆ ಸರಣಿಯ ಉಳಿದ ಚಿತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಬಿಡಿಗಾಸು ಕೊಡದೆ ನೋಡಬಹುದು. ಅವುಗಳನ್ನು ಸಾಲಾಗಿ ಇಟ್ಟು ನೋಡು: ಕ್ಯಾಮೆರಾ ಯಾರನ್ನು ಒಳಗೆ ಬಿಟ್ಟುಕೊಂಡಿತು, ಯಾರನ್ನು ಹೊರಗೆ ನಿಲ್ಲಿಸಿತು?

ಅದೇ ಅಧ್ಯಾಯದಲ್ಲಿ 1935ರ ಸಾಮಾಜಿಕ ಭದ್ರತಾ ಕಾಯ್ದೆ ಬರುತ್ತದೆ. ವೃದ್ಧಾಪ್ಯದ ಪಿಂಚಣಿಯಿಂದ ಅದು ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತ್ತು. ದಕ್ಷಿಣದ ಕಪ್ಪುಜನರಲ್ಲಿ ಹೆಚ್ಚಿನವರು ಈ ಎರಡು ಕೆಲಸದಲ್ಲೇ ಇದ್ದವರು. ದಕ್ಷಿಣದ ಸಂಸದರ ಒತ್ತಡವೇ ಕಾರಣವೆಂದು ಕೆಲವು ಇತಿಹಾಸಕಾರರು ಬರೆದಿದ್ದಾರೆ; ಚದುರಿದ ಇಂಥ ಕೂಲಿಗಳಿಂದ ವಂತಿಗೆ ವಸೂಲಿ ಮಾಡುವುದು ಕಷ್ಟವೆಂದು ಅಧಿಕಾರಿಗಳೇ ಸೂಚಿಸಿದ್ದರೆಂದು ಮತ್ತೆ ಕೆಲವರು. ಪಂಡಿತರು ಜಗಳವಾಡುತ್ತಿರುವ ಇಂಥ ಕಡೆ ಹೆದರಿ ಹಿಂದೆ ಸರಿಯಬೇಡ. ಇಬ್ಬರ ಅಡಿಟಿಪ್ಪಣಿಗಳನ್ನೂ ಬಿಚ್ಚಿ ನೋಡು, ಯಾರ ಬಳಿ ಎಂಥ ಪುರಾವೆಯಿದೆಯೆಂದು ತೂಗು. ಒಳ್ಳೆಯ ಪ್ರಬಂಧಕ್ಕೆ ವಸ್ತು ಸಿಗುವುದೇ ಅಂಥಲ್ಲಿ.

ಇನ್ನು ದಿನನಿತ್ಯದ ರೀತಿ. ನಾವಿಲ್ಲಿ ನೋಟ್ಸ್ ಹೇಳಿ ಬರೆಸಿದೆವು, ನೀವು ಬರೆದುಕೊಂಡಿರಿ. ಅಲ್ಲಿ ‘ನಿನ್ನ ವಾದವೇನು’ ಎಂದು ಕೇಳುತ್ತಾರೆ. ವಾದ ಎಂದರೆ ಜೋರು ದನಿಯಲ್ಲ. ಪ್ರಶ್ನೆಗೊಂದು ಉತ್ತರ, ಆ ಉತ್ತರಕ್ಕೆ ದಾಖಲೆ, ಅದಕ್ಕೆ ಎದುರಾಡಬಹುದಾದವರಿಗೆ ಮರುಮಾತು. ವಾರಕ್ಕೆ ನೂರು ಪುಟ ಓದಲು ಕೊಟ್ಟರೆ ಮೂಲ ದಾಖಲೆಯನ್ನು ಮೊದಲು ಓದು, ಪಠ್ಯಪುಸ್ತಕವನ್ನು ಆಮೇಲೆ. ಪ್ರತಿ ದಾಖಲೆಗೂ ನಾಲ್ಕು ಸಾಲು ಬರೆದಿಡು: ಬರೆದವರು ಯಾರು, ಯಾರಿಗೆ, ಅದರಿಂದ ಯಾರಿಗೆ ಏನು ಸಿಕ್ಕಿತು, ಯಾರ ಹೆಸರು ಇರಬೇಕಿತ್ತು ಆದರೆ ಇಲ್ಲ. ಪ್ರಾಧ್ಯಾಪಕರು ವಾರದಲ್ಲಿ ಇಷ್ಟು ಹೊತ್ತು ಎಂದು ತಮ್ಮ ಕೋಣೆಯ ಬಾಗಿಲು ತೆರೆದಿಡುತ್ತಾರೆ. ನಮ್ಮ ಮಕ್ಕಳು ಸಂಕೋಚದಿಂದ ಅತ್ತ ತಲೆಹಾಕುವುದಿಲ್ಲ. ನೀನು ಹೋಗು, ಒಂದು ಪ್ರಶ್ನೆಯಾದರೂ ಕೇಳು. ಅದು ಉದ್ಧಟತನವಲ್ಲ, ಅಲ್ಲಿನ ಗುರುಗಳು ಅದನ್ನೇ ನಿರೀಕ್ಷಿಸುತ್ತಾರೆ.

ಎಐ ಕೈಲಿ ಸಾರಾಂಶ ಬರೆಸಿಕೊಳ್ಳುವ ಆಸೆ ಬರುತ್ತದೆ, ಗೊತ್ತು. 9066ನೇ ಆಜ್ಞೆಯ ಸಾರಾಂಶ ಕೇಳಿದರೆ ಅದು ‘ಜಪಾನಿ ಅಮೆರಿಕನ್ನರನ್ನು ಬಂಧಿಸಿದ ಆಜ್ಞೆ’ ಎಂದು ಒಂದು ಸಾಲಿನಲ್ಲಿ ಕೊಟ್ಟೀತು. ತಪ್ಪೇನಿಲ್ಲ. ಆದರೆ ಆ ಕಾಗದದಲ್ಲಿ ಅವರ ಹೆಸರೇ ಇಲ್ಲವೆಂಬುದು ನಿನ್ನ ಕಣ್ಣಿಗೆ ಬೀಳುವುದೇ ಇಲ್ಲ, ಕೇಳಬೇಕಾದ ಪ್ರಶ್ನೆ ಹುಟ್ಟುವುದೇ ಇಲ್ಲ.

ಕೊನೆಯದಾಗಿ, ಆ ದೇಶದ ತಪ್ಪುಗಳನ್ನು ಓದಿ ‘ನೋಡಿದಿರಾ ಇವರ ಹಣೆಬರಹ’ ಎಂದು ಬೀಗಬೇಡ. ತನ್ನ ತಪ್ಪಿನ ಕಡತಗಳನ್ನು ಜೋಪಾನವಾಗಿಟ್ಟು, ಯಾರು ಬೇಕಾದರೂ ಬಂದು ಓದಿ ಎಂದು ಮೇಜಿನ ಮೇಲೆ ಇಡುವುದು ಸಣ್ಣ ಮಾತಲ್ಲ. 1971ರ ಯುದ್ಧದ ವೇಳೆ ಅಧ್ಯಕ್ಷ ನಿಕ್ಸನ್ ತಮ್ಮ ಕೋಣೆಯಲ್ಲಿ ಭಾರತದ ಬಗ್ಗೆ, ಇಂದಿರಾ ಗಾಂಧಿಯವರ ಬಗ್ಗೆ ಆಡಿದ ಒರಟು ಮಾತುಗಳನ್ನು ಬಯಲಿಗಿಟ್ಟದ್ದು ಅಮೆರಿಕದ ಸರ್ಕಾರಿ ದಾಖಲೆಗಳೇ. ಹಾಗೆಂದು ಆ ದೇಶವನ್ನು ತಲೆಯ ಮೇಲೆ ಹೊತ್ತುಕೊಳ್ಳುವುದೂ ಬೇಡ. ಸುಡಲು ಹೇಳಿದ್ದ ವರದಿಯೂ ಅದೇ ದೇಶದ್ದು.

ಬರುವ ವಾರ ಬಿಡುವು ಮಾಡಿಕೊಂಡು 9066ನೇ ಆಜ್ಞೆಯನ್ನೂ ಒಂದು ನೋಟಿಸನ್ನೂ ತೆರೆದು ಓದು. ಬೇರೆ ಯಾರು ಏನು ಬರೆದಿದ್ದಾರೆಂದು ನೋಡುವ ಮುಂಚೆ ನಿನಗೆ ಹುಟ್ಟಿದ ಪ್ರಶ್ನೆಗಳನ್ನು ಅರ್ಧ ಪುಟ ಕನ್ನಡದಲ್ಲೇ ಬರೆದು ನನಗೆ ಕಳಿಸು. ಪರೀಕ್ಷೆಯ ಅಂಕ ಆಮೇಲೆ ತಿಳಿಸಿದರೂ ನಡೆಯುತ್ತದೆ.

ನಿನ್ನ ಅಜ್ಜ